ಕ್ಲಬ್ ಮಾರಾಟವಾದ ದಿನ ಕಚೇರಿಯಲ್ಲಿ ಆಡಬಾರದ ಮಾತು

ಇಂಗ್ಲೆಂಡಿಗೆ ಬಂದ ಹೊಸದರಲ್ಲಿ ನಾನು ಮಾಡಿದ ಎಡವಟ್ಟಿನಿಂದಲೇ ಶುರು ಮಾಡುತ್ತೇನೆ. ಒಂದು ಸೋಮವಾರ ಬೆಳಿಗ್ಗೆ ಪಕ್ಕದ ಮೇಜಿನ ಸಹೋದ್ಯೋಗಿ ಮುಖ ಬಾಡಿಸಿಕೊಂಡು ಕುಳಿತಿದ್ದ. ಅವನ ಫುಟ್‌ಬಾಲ್ ಕ್ಲಬ್ಬನ್ನು ಯಾವುದೋ ವಿದೇಶಿ ಹೂಡಿಕೆ ಸಂಸ್ಥೆ ಕೊಳ್ಳಲಿದೆ ಎಂಬ ಸುದ್ದಿ ಹಿಂದಿನ ರಾತ್ರಿ ಬಂದಿತ್ತು. ಸಮಾಧಾನ ಹೇಳುವ ಉತ್ಸಾಹದಲ್ಲಿ ನಾನು, "ಒಳ್ಳೆಯದೇ ಆಯಿತಲ್ಲ, ದುಡ್ಡಿರುವವರು ಬಂದರು, ಇನ್ನು ಒಳ್ಳೆಯ ಆಟಗಾರರು ಬರುತ್ತಾರೆ" ಎಂದೆ. ಸಾವಿನ ಮನೆಗೆ ಹೋಗಿ ವಿಮೆಯ ಹಣ ಎಷ್ಟು ಬರುತ್ತದೆ ಎಂದು ವಿಚಾರಿಸಿದವನನ್ನು ನೋಡುವ ಹಾಗೆ ಅವನು ನನ್ನನ್ನು ನೋಡಿದ. ಆ ದಿನ ಮಧ್ಯಾಹ್ನದವರೆಗೆ ನಮ್ಮಿಬ್ಬರ ನಡುವೆ ಮಾತಿರಲಿಲ್ಲ.

ತಪ್ಪು ಎಲ್ಲಿತ್ತು? ನನ್ನ ತಲೆಯಲ್ಲಿದ್ದದ್ದು ಐಪಿಎಲ್. ಅಲ್ಲಿ ಮೊದಲು ಹುಟ್ಟಿದ್ದು ಮಾಲೀಕ, ತಂಡ ಆಮೇಲೆ. ವಿಜಯ್ ಮಲ್ಯ ಅವರ ಕಂಪನಿ ಲಂಡನ್ನಿನ ಡಿಯಾಜಿಯೋ ತೆಕ್ಕೆಗೆ ಸೇರಿದಾಗ ನಮ್ಮ ಆರ್‌ಸಿಬಿ ಕೂಡ ಅದರ ಜೊತೆಗೇ ಹೋಯಿತು. ಬೆಂಗಳೂರಿನ ತಂಡ ಬ್ರಿಟಿಷ್ ಕಂಪನಿಯ ಪಾಲಾಯಿತೆಂದು ಚಿನ್ನಸ್ವಾಮಿ ಕ್ರೀಡಾಂಗಣದ ಮುಂದೆ ಯಾರೂ ಧರಣಿ ಕೂರಲಿಲ್ಲ. ಇದನ್ನು ಇಲ್ಲಿಯವರಿಗೆ ಹೇಳಿ ನೋಡಿ, ಅವರಿಗೆ ನಂಬಲಾಗುವುದಿಲ್ಲ.

ಇಲ್ಲಿ ತಂಡಗಳು ಹುಟ್ಟಿದ್ದೇ ಬೇರೆ ಬಗೆಯಲ್ಲಿ. ಮ್ಯಾಂಚೆಸ್ಟರ್ ಯುನೈಟೆಡ್ 1878ರಲ್ಲಿ ನ್ಯೂಟನ್ ಹೀತ್ ಎಂಬಲ್ಲಿ ರೈಲ್ವೆ ಕೆಲಸಗಾರರು ಕಟ್ಟಿಕೊಂಡ ತಂಡ. ಆರ್ಸೆನಲ್ ವುಲಿಚ್‌ನ ಮದ್ದುಗುಂಡು ಕಾರ್ಖಾನೆಯ ಕಾರ್ಮಿಕರದು. ವೆಸ್ಟ್ ಹ್ಯಾಮ್ ಥೇಮ್ಸ್ ದಂಡೆಯ ಹಡಗುಕಟ್ಟೆಯದು. ಎವರ್ಟನ್ ಮತ್ತು ಮ್ಯಾಂಚೆಸ್ಟರ್ ಸಿಟಿ ಚರ್ಚುಗಳ ಅಂಗಳದಲ್ಲಿ ಮೊಳೆತವು. ಮಾಲೀಕರು ಬಂದದ್ದು ಆಮೇಲೆ. ಹಾಗಾಗಿ ಇಲ್ಲಿಯವರಿಗೆ ಕ್ಲಬ್ ಎಂದರೆ ಮನೆದೇವರಿದ್ದಂತೆ. ಯಾರೂ ಆರಿಸಿಕೊಳ್ಳುವುದಿಲ್ಲ, ಅಜ್ಜನಿಂದ ಬಂದಿರುತ್ತದೆ, ಊರು ಬಿಟ್ಟರೂ ಬದಲಾಗುವುದಿಲ್ಲ. ಆಡಳಿತ ಮಂಡಳಿ ಯಾರದ್ದಾದರೂ ಇರಲಿ, ತೇರು ಮಾತ್ರ ಊರಿನದು ಎಂಬ ಭಾವನೆ. ಇನ್ನೊಂದು ದೊಡ್ಡ ವ್ಯತ್ಯಾಸವೆಂದರೆ, ಐಪಿಎಲ್‌ನಲ್ಲಿ ಕೊನೆಯ ಸ್ಥಾನಕ್ಕೆ ಕುಸಿದರೂ ಮುಂದಿನ ವರ್ಷ ಅದೇ ಪಂದ್ಯಾವಳಿಯಲ್ಲಿ ಆಡಬಹುದು. ಇಲ್ಲಿ ಕೆಳಗಿನ ದರ್ಜೆಗೆ ಜಾರಬೇಕು. ಜಾರಿದರೆ ಟಿವಿ ಹಣ ತೀರಾ ಇಳಿಯುತ್ತದೆ, ಹಣ ಇಳಿದರೆ ಆಟಗಾರರು ಹೋಗುತ್ತಾರೆ. ಕೆಟ್ಟ ಮಾಲೀಕ ಬಂದರೆ ನೂರು ವರ್ಷದ ಕ್ಲಬ್ ಹತ್ತು ವರ್ಷದಲ್ಲಿ ನೆಲ ಕಚ್ಚಬಹುದು.

ಆದರೆ ಕಾನೂನಿನ ಕಣ್ಣಿಗೆ ಈ ಮನೆದೇವರು ಒಂದು ಖಾಸಗಿ ಕಂಪನಿ. ಷೇರು ಯಾರ ಬಳಿ ಇದೆಯೋ ಅವರು ಮಾರಬಹುದು, ಯಾರು ಬೇಕಾದರೂ ಕೊಳ್ಳಬಹುದು. ಇಲ್ಲಿನ ಅತಿ ಮೇಲಿನ ದರ್ಜೆಯಾದ ಪ್ರೀಮಿಯರ್ ಲೀಗಿನ ಅರ್ಧಕ್ಕಿಂತ ಹೆಚ್ಚು ಕ್ಲಬ್‌ಗಳು ಈಗ ವಿದೇಶಿಯರ ಕೈಯಲ್ಲಿವೆ. ಜರ್ಮನಿಯಲ್ಲಿ ಹೀಗಿಲ್ಲ. ಅಲ್ಲಿ ಐವತ್ತು ಪ್ಲಸ್ ಒಂದು ಎಂಬ ನಿಯಮದಂತೆ ಮತದಾನದ ಬಹುಮತ ಸದಸ್ಯರ ಸಂಘದ ಬಳಿಯೇ ಉಳಿಯಬೇಕು. ಲೇವರ್‌ಕುಸೆನ್, ವೋಲ್ಫ್ಸ್‌ಬರ್ಗ್‌ನಂಥ ವಿನಾಯಿತಿಗಳಿವೆ. ಇಂಗ್ಲೆಂಡಿನ ಅಭಿಮಾನಿ ಕುಡಿದಾಗ ಜರ್ಮನಿಯನ್ನು ಹೊಗಳುವ ಏಕೈಕ ವಿಷಯ ಬಹುಶಃ ಇದೇ.

ಇಲ್ಲಿರುವ ಬೇಲಿ ಎಂದರೆ ಮಾಲೀಕರ ಮತ್ತು ನಿರ್ದೇಶಕರ ಅರ್ಹತಾ ಪರೀಕ್ಷೆ. ಕ್ಲಬ್ಬಿನ ಹಿಡಿತ ಪಡೆಯುವವರ ಮೇಲೆ ಅಪರಾಧ, ದಿವಾಳಿತನ, ವಂಚನೆಯ ಕಲೆಗಳಿವೆಯೇ ಎಂದು ಲೀಗ್ ನೋಡುತ್ತದೆ. 2023ರಲ್ಲಿ ಮಾನವ ಹಕ್ಕು ಉಲ್ಲಂಘನೆಯನ್ನೂ ಆ ಪಟ್ಟಿಗೆ ಸೇರಿಸಿದರು. ಪರೀಕ್ಷೆ ಕಳ್ಳನನ್ನು ತಡೆಯಬಹುದು. ದಡ್ಡನನ್ನು ತಡೆಯುವುದಿಲ್ಲ.

ಮೂರು ಊರು, ಮೂರು ಬಗೆಯ ಕೋಪ

"ಹೊರಗಿನವರನ್ನು ಕಂಡರೆ ಇವರಿಗೆ ಆಗುವುದಿಲ್ಲ" ಎಂದು ನಮ್ಮವರು ಬೇಗನೆ ತೀರ್ಮಾನಕ್ಕೆ ಬರುತ್ತಾರೆ. ಅಷ್ಟು ಸರಳವಿಲ್ಲ.

ಮ್ಯಾಂಚೆಸ್ಟರ್ ಯುನೈಟೆಡ್ಡನ್ನು 2005ರಲ್ಲಿ ಅಮೆರಿಕದ ಗ್ಲೇಜರ್ ಕುಟುಂಬ ಸುಮಾರು 79 ಕೋಟಿ ಪೌಂಡಿಗೆ ಕೊಂಡಿತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಸಾಲ ತಂದ ಹಣ, ಮತ್ತು ಆ ಸಾಲದ ಬಹುಪಾಲು ಕ್ಲಬ್ಬಿನ ತಲೆಯ ಮೇಲೆಯೇ ಬಿತ್ತು. ನೀವು ಬಾಡಿಗೆಗಿರುವ ಮನೆಯನ್ನು ಒಬ್ಬ ಅದೇ ಮನೆಯನ್ನು ಅಡವಿಟ್ಟು ಕೊಂಡು, ಬ್ಯಾಂಕಿನ ಕಂತನ್ನು ನಿಮ್ಮ ಕೈಯಿಂದಲೇ ಕಟ್ಟಿಸಿದರೆ ಹೇಗಿರುತ್ತದೆ? ಅಲ್ಲಿಯವರೆಗೆ ಸಾಲವಿಲ್ಲದ ಕ್ಲಬ್ ಅದು. ಸಿಟ್ಟಿಗೆದ್ದ ಕೆಲವರು ಅದೇ ವರ್ಷ ಎಫ್‌ಸಿ ಯುನೈಟೆಡ್ ಆಫ್ ಮ್ಯಾಂಚೆಸ್ಟರ್ ಎಂಬ ತಮ್ಮದೇ ತಂಡ ಕಟ್ಟಿ, ಸದಸ್ಯನಿಗೊಂದು ಮತ ಎಂಬ ತತ್ವದಲ್ಲಿ ನಡೆಸತೊಡಗಿದರು. ಉಳಿದವರು 2010ರಲ್ಲಿ ಕೆಂಪನ್ನು ಬಿಟ್ಟು ಹಸಿರು ಮತ್ತು ಬಂಗಾರ ಬಣ್ಣದ ಸ್ಕಾರ್ಫ್ ತೊಟ್ಟರು. ಅದು ರೈಲ್ವೆ ಕೆಲಸಗಾರರ ಆ ಹಳೆಯ ತಂಡದ ಬಣ್ಣ. ಆ ವರ್ಷದ ಮಾರ್ಚ್‌ನಲ್ಲಿ ಎದುರಾಳಿಯಾಗಿ ಬಂದಿದ್ದ ಯುನೈಟೆಡ್‌ನ ಹಳೆಯ ತಾರೆ ಡೇವಿಡ್ ಬೆಕಮ್ ಪಂದ್ಯ ಮುಗಿಸಿ ಹೊರಡುವಾಗ ಅದನ್ನು ಕೊರಳಿಗೆ ಹಾಕಿಕೊಂಡದ್ದನ್ನು ಇಲ್ಲಿ ಇನ್ನೂ ನೆನೆಯುತ್ತಾರೆ. 2021ರ ಮೇ 2ರಂದು ಪ್ರತಿಭಟನಾಕಾರರು ಕ್ಲಬ್ಬಿನ ಮೈದಾನವಾದ ಓಲ್ಡ್ ಟ್ರಾಫರ್ಡ್‌ಗೆ ನುಗ್ಗಿದ್ದರಿಂದ ಲಿವರ್‌ಪೂಲ್ ವಿರುದ್ಧದ ಪಂದ್ಯವನ್ನೇ ಮುಂದೂಡಬೇಕಾಯಿತು. ಹದಿನಾರು ವರ್ಷ ಆರದ ಸಿಟ್ಟು. ಅದರ ಮೂಲ ಅಮೆರಿಕವಲ್ಲ, ಸಾಲದ ಚೀಟಿ.

ಬ್ಲ್ಯಾಕ್‌ಬರ್ನ್ ರೋವರ್ಸ್ ಕಥೆ ನಮಗೆ ಹೆಚ್ಚು ಹತ್ತಿರದ್ದು. ಊರಿನವರೇ ಆದ ಉಕ್ಕಿನ ವ್ಯಾಪಾರಿ ಜ್ಯಾಕ್ ವಾಕರ್ ಹಣ ಸುರಿದು 1995ರಲ್ಲಿ ಪ್ರೀಮಿಯರ್ ಲೀಗ್ ಗೆಲ್ಲಿಸಿದ ಕ್ಲಬ್ ಅದು. 2010ರ ನವೆಂಬರ್‌ನಲ್ಲಿ ಪುಣೆಯ ಕೋಳಿ ಉದ್ಯಮದ ವೆಂಕೀಸ್ ಸಮೂಹ ಅದನ್ನು ಕೊಂಡಿತು. ತಿಂಗಳೊಳಗೆ ಅನುಭವಿ ತರಬೇತುದಾರ ಸ್ಯಾಮ್ ಅಲರ್ಡೈಸ್ ಅವರನ್ನು ಮನೆಗೆ ಕಳಿಸಿದರು. 2012ರ ಮೇ ತಿಂಗಳಲ್ಲಿ, ತಂಡ ಕೆಳದರ್ಜೆಗೆ ಜಾರಿದ ರಾತ್ರಿ, ಯಾರೋ ಮೈದಾನದೊಳಗೆ ಜೀವಂತ ಕೋಳಿಯೊಂದನ್ನು ಬಿಟ್ಟರು. 2017ರಲ್ಲಿ ಇನ್ನೂ ಒಂದು ಮೆಟ್ಟಿಲು ಕೆಳಗಿಳಿದು, ಮರುವರ್ಷ ಹತ್ತಿದರು. ಲ್ಯಾಂಕಷೈರ್ ಕಡೆ ಮನೆ ಮಾಡುವ ಕನ್ನಡಿಗರಿಗೆ ಮೊದಲೇ ಹೇಳಿಬಿಡುತ್ತೇನೆ: ಭಾರತದವರು ಎಂದು ಗೊತ್ತಾದೊಡನೆ ಯಾರಾದರೂ ಕೋಳಿಯ ಮಾತು ತೆಗೆಯಬಹುದು. ಪುಣೆಗೂ ನಮಗೂ ಎಷ್ಟು ದೂರ ಎಂದು ವಿವರಿಸಲು ಹೋಗಬೇಡಿ, ನಕ್ಕುಬಿಡಿ. ನ್ಯಾಯವಾಗಿ ಹೇಳಬೇಕೆಂದರೆ, ವೆಂಕೀಸ್ ಈ ಕ್ಲಬ್ಬಿನಿಂದ ಹಣ ಎತ್ತಿಕೊಂಡು ಹೋದವರಲ್ಲ, ಕೈಯಿಂದ ಹಾಕುತ್ತಲೇ ಬಂದವರು. ಆದರೂ ಕೋಪ ಇಳಿಯಲಿಲ್ಲ. ಮಾಲೀಕ ಪಂದ್ಯಕ್ಕೆ ಬರುವುದಿಲ್ಲ, ಪ್ರಶ್ನೆಗೆ ಉತ್ತರಿಸುವುದಿಲ್ಲ, ಯಾರನ್ನು ಏಕೆ ತೆಗೆದರೆಂದು ಹೇಳುವುದಿಲ್ಲ ಎಂಬುದೇ ಅಲ್ಲಿನ ದೂರು. ಹಣ ಕೊಟ್ಟರೂ ಮುಖ ಕೊಡದವರನ್ನು ಊರು ಒಪ್ಪಲಿಲ್ಲ.

ನ್ಯೂಕಾಸಲ್‌ನಲ್ಲಿ ಇದಕ್ಕೆ ತದ್ವಿರುದ್ಧ. 2021ರ ಅಕ್ಟೋಬರ್ 7ರಂದು ಸೌದಿ ಅರೇಬಿಯಾದ ಸರ್ಕಾರಿ ಹೂಡಿಕೆ ನಿಧಿಯ ನೇತೃತ್ವದ ಕೂಟ 30 ಕೋಟಿ ಪೌಂಡಿಗೂ ಮಿಗಿಲಾದ ಬೆಲೆಗೆ ಕ್ಲಬ್ಬನ್ನು ಕೊಂಡಾಗ ಸಾವಿರಾರು ಜನ ಕ್ಲಬ್ಬಿನ ಮೈದಾನ ಸೇಂಟ್ ಜೇಮ್ಸ್ ಪಾರ್ಕ್ ಮುಂದೆ ಕುಣಿದರು. ಹದಿನಾಲ್ಕು ವರ್ಷ ಕ್ಲಬ್ಬನ್ನು ಬಿಗಿಮುಷ್ಟಿಯಲ್ಲಿ ಹಿಡಿದಿದ್ದ ಮೈಕ್ ಆಶ್ಲಿ ಎಂಬ ಇಂಗ್ಲಿಷ್ ಮಾಲೀಕ ತೊಲಗಿದನೆಂಬ ಸಂತೋಷ ಅದು. ಅಭಿಮಾನಿಗಳ ಟ್ರಸ್ಟ್ ಕೇಳಿದಾಗ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಸದಸ್ಯರು ಈ ಮಾರಾಟದ ಪರವಾಗಿದ್ದರು. ದೇಶವೊಂದು ತನ್ನ ಹೆಸರಿನ ಕಲೆಯನ್ನು ಆಟದ ನೀರಿನಲ್ಲಿ ತೊಳೆದುಕೊಳ್ಳುವುದಕ್ಕೆ ಇಲ್ಲಿ ಸ್ಪೋರ್ಟ್ಸ್‌ವಾಷಿಂಗ್ ಎನ್ನುತ್ತಾರೆ. ಸೌದಿ ಪತ್ರಕರ್ತ ಜಮಾಲ್ ಖಶೋಗ್ಗಿ ಕೊಲೆಯನ್ನು ನೆನಪಿಸಿ ಪ್ರತಿಭಟಿಸಿದ ಸಣ್ಣ ಗುಂಪೂ ಆ ಊರಿನಲ್ಲೇ ಇದೆ. 2025ರ ಮಾರ್ಚ್‌ನಲ್ಲಿ ತಂಡ ಲೀಗ್ ಕಪ್ ಗೆದ್ದಿತು. 1955ರ ನಂತರ ದೇಶದೊಳಗಿನ ದೊಡ್ಡ ಪ್ರಶಸ್ತಿ ಅದೇ ಮೊದಲು. ಎಪ್ಪತ್ತು ವರ್ಷ ಕಾದ ಮುದುಕರ ಮುಂದೆ ನಿಂತು ಮಾನವ ಹಕ್ಕುಗಳ ಬಗ್ಗೆ ಮಾತನಾಡುವುದು ಎಷ್ಟು ಕಷ್ಟ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮಾತನಾಡಬಾರದು ಎಂದು ಇದರ ಅರ್ಥವಲ್ಲ.

ಮುಟ್ಟಬಾರದ ಮೂರು

ಹಣಕಾಸಿನ ವಿಷಯದಲ್ಲಿ ಅಭಿಮಾನಿಗಳು ಎರಡು ಪಂಗಡವಾಗಬಹುದು. ಬಣ್ಣ, ಹೆಸರು, ಮೈದಾನ ಎಂದರೆ ಎಲ್ಲರೂ ಒಂದೇ.

ಕಾರ್ಡಿಫ್ ವೇಲ್ಸ್‌ನ ಊರಾದರೂ ಅದರ ತಂಡ ಆಡುವುದು ಇಂಗ್ಲೆಂಡಿನ ಲೀಗಿನಲ್ಲಿ. ನೀಲಿ ಹಕ್ಕಿ ಎಂದೇ ಕರೆಸಿಕೊಳ್ಳುವ ಆ ತಂಡಕ್ಕೆ ಮಲೇಷ್ಯಾದ ಮಾಲೀಕ ವಿನ್ಸೆಂಟ್ ಟಾನ್ 2012ರಲ್ಲಿ ಕೆಂಪು ಅಂಗಿ ತೊಡಿಸಿ, ಲಾಂಛನದಲ್ಲಿ ಡ್ರ್ಯಾಗನ್ನನ್ನು ಕೂರಿಸಿದರು. ಮರುವರ್ಷವೇ ತಂಡ ಪ್ರೀಮಿಯರ್ ಲೀಗಿಗೇರಿತು, ಆದರೂ ಮನಸ್ಸುಗಳು ಕರಗಲಿಲ್ಲ. 2015ರ ಜನವರಿಯಲ್ಲಿ ಅಂಗಿ ಮತ್ತೆ ನೀಲಿಯಾಯಿತು. ಹಲ್ ಸಿಟಿಯನ್ನು ಹಲ್ ಟೈಗರ್ಸ್ ಎಂದು ಕರೆಯುವ ಅದರ ಮಾಲೀಕರ ಪ್ರಯತ್ನವನ್ನು 2014ರಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆಯೇ ತಿರಸ್ಕರಿಸಿತು. ಆ ಮಾಲೀಕರು ಈಜಿಪ್ಟ್‌ನಲ್ಲಿ ಹುಟ್ಟಿ ಹಲ್‌ನಲ್ಲೇ ಬದುಕು ಕಟ್ಟಿಕೊಂಡವರು, ಕ್ಲಬ್ಬನ್ನು ಸಾಲದಿಂದ ಉಳಿಸಿದವರು. ಆ ಋಣವೂ ಹೆಸರಿನ ಮುಂದೆ ನಿಲ್ಲಲಿಲ್ಲ. ವಿಂಬಲ್ಡನ್ ತಂಡವನ್ನು ನಾರ್ವೆಯ ಮಾಲೀಕರ ಕಾಲದಲ್ಲಿ ಲಂಡನ್ನಿನಿಂದ ಎತ್ತಿ ಮಿಲ್ಟನ್ ಕೀನ್ಸ್‌ಗೆ ಸಾಗಿಸಲು 2002ರಲ್ಲಿ ಅನುಮತಿ ಸಿಕ್ಕಿತು. ಅಭಿಮಾನಿಗಳು ಕೆಲವೇ ವಾರಗಳಲ್ಲಿ ಬಯಲಿನಲ್ಲಿ ಆಟಗಾರರನ್ನು ಪರೀಕ್ಷಿಸಿ ಎಎಫ್‌ಸಿ ವಿಂಬಲ್ಡನ್ ಕಟ್ಟಿದರು. ತಳದಿಂದ ಏರುತ್ತಾ ಬಂದ ಆ ತಂಡ 2020ರಲ್ಲಿ ತನ್ನ ಹಳೆಯ ಬೀದಿ ಪ್ಲೌ ಲೇನ್‌ಗೆ ಮರಳಿತು.

ವಿದೇಶಿಯರು ಎಂಬ ಒಂದೇ ಕಾರಣಕ್ಕೆ ಜನ ತಿರುಗಿ ಬೀಳುವುದಿಲ್ಲ ಎಂಬುದಕ್ಕೆ ರೆಕ್ಸಮ್ ಸಾಕ್ಷಿ. ಅದೂ ವೇಲ್ಸ್‌ನದೇ. ಅಭಿಮಾನಿಗಳೇ ಮಾಲೀಕರಾಗಿದ್ದ ಆ ಕ್ಲಬ್ಬನ್ನು ಕೊಳ್ಳಲು ಹಾಲಿವುಡ್ ನಟರಾದ ರಯನ್ ರೆನಾಲ್ಡ್ಸ್ ಮತ್ತು ರಾಬ್ ಮ್ಯಾಕ್‌ಎಲ್ಹೆನಿ ಬಂದಾಗ, ಮೊದಲು ಸದಸ್ಯರ ಮತ ಕೇಳಿದರು. ನೂರಕ್ಕೆ ತೊಂಬತ್ತೆಂಟಕ್ಕೂ ಹೆಚ್ಚು ಮಂದಿ ಒಪ್ಪಿದರು.

ಹೊಸ ಕಾನೂನಿನಲ್ಲಿ ನಿಮ್ಮ ಪಾಲು

1885ರಲ್ಲಿ ಹುಟ್ಟಿದ ಬರಿ ಎಂಬ ಕ್ಲಬ್ ಒಂದು ಪೌಂಡಿಗೆ ಕೈ ಬದಲಾಯಿಸಿ, 2019ರ ಆಗಸ್ಟ್‌ನಲ್ಲಿ ಲೀಗಿನಿಂದಲೇ ಹೊರಬಿತ್ತು. ಮಾಲೀಕ ಇಂಗ್ಲಿಷಿನವನೇ. 2021ರ ಏಪ್ರಿಲ್‌ನಲ್ಲಿ ಆರು ದೊಡ್ಡ ಕ್ಲಬ್‌ಗಳು ಯಾರನ್ನೂ ಕೇಳದೆ ಯುರೋಪಿನ ದೊಡ್ಡ ಕ್ಲಬ್‌ಗಳದೇ ಪ್ರತ್ಯೇಕ ಪಂದ್ಯಾವಳಿಯಾದ ಯುರೋಪಿಯನ್ ಸೂಪರ್ ಲೀಗ್ ಸೇರಲು ಹೊರಟಾಗ ಜನ ಬೀದಿಗಿಳಿದರು, ಎರಡೇ ದಿನದಲ್ಲಿ ಆ ಆರೂ ಹಿಂದೆ ಸರಿದವು. ಈ ಎರಡು ಘಟನೆಗಳ ಬೆನ್ನಿಗೆ ನಡೆದ ಪರಾಮರ್ಶೆಯ ಫಲವೇ 2025ರ ಜುಲೈನಲ್ಲಿ ಅಂಗೀಕೃತವಾದ ಫುಟ್‌ಬಾಲ್ ಆಡಳಿತ ಕಾಯ್ದೆ. ಮೇಲಿನ ಐದು ದರ್ಜೆಗಳ ಕ್ಲಬ್‌ಗಳಿಗೆ ಸ್ವತಂತ್ರ ನಿಯಂತ್ರಕ ಸಂಸ್ಥೆಯೊಂದು ಬಂದಿದೆ. ಕ್ಲಬ್‌ಗಳಿಗೆ ಪರವಾನಗಿ ಬೇಕು, ಮಾಲೀಕರ ಹಣದ ಮೂಲವನ್ನು ಪರಿಶೀಲಿಸುವ ಅಧಿಕಾರ ನಿಯಂತ್ರಕ ಸಂಸ್ಥೆಗಿದೆ, ಮೈದಾನ ಮಾರಲು ಅದರ ಅನುಮತಿ ಬೇಕು. ಲಾಂಛನವನ್ನೋ ತವರು ಅಂಗಿಯ ಬಣ್ಣವನ್ನೋ ಬದಲಿಸುವ ಮುನ್ನ, ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿರುವ ಅಭಿಮಾನಿಗಳಲ್ಲಿ ಬಹುಮತದ ಒಪ್ಪಿಗೆಯಿದೆ ಎಂದು ಕ್ಲಬ್ ಖಚಿತಪಡಿಸಿಕೊಳ್ಳಬೇಕು. ಪಾಸ್‌ಪೋರ್ಟ್ ಯಾವ ದೇಶದ್ದು ಎಂಬ ಪ್ರಶ್ನೆ ಅಲ್ಲಿಲ್ಲ. ಇಲ್ಲಿ ವಾಸಿಸುವ ನೀವು ಲೆಕ್ಕಕ್ಕೆ ಬರುತ್ತೀರಿ, ರಾತ್ರಿ ಎರಡು ಗಂಟೆಗೆ ಎದ್ದು ಪಂದ್ಯ ನೋಡುವ ಬೆಂಗಳೂರಿನ ನಿಮ್ಮ ತಮ್ಮ ಬರುವುದಿಲ್ಲ. ಇದನ್ನು ಅವನಿಗೆ ನೀವೇ ಹೇಳಿ.

ನಿಮ್ಮ ಕ್ಲಬ್ ಮಾರಾಟಕ್ಕಿದೆ ಎಂಬ ಸುದ್ದಿ ಬಂದರೆ ವದಂತಿಗಿಂತ ಮೊದಲು ಕಂಪನೀಸ್ ಹೌಸ್‌ನ ಕಡತ ನೋಡಿ. ಬ್ರಿಟನ್ನಿನ ಯಾವುದೇ ಕಂಪನಿಯ ಲೆಕ್ಕಪತ್ರ, ನಿರ್ದೇಶಕರ ಹೆಸರು, ಅಡಮಾನದ ವಿವರ ಅಲ್ಲಿ ಪುಕ್ಕಟೆಯಾಗಿ ಸಿಗುತ್ತದೆ. ಕೊಂಡಿ ಹಿಡಿದು ಹೋದರೆ ಕೆಲವೊಮ್ಮೆ ಕೇಮನ್ ದ್ವೀಪದಲ್ಲಿ ಹೋಗಿ ನಿಲ್ಲುತ್ತೀರಿ. ಅದೂ ಒಂದು ಮಾಹಿತಿಯೇ. ನಮ್ಮವರಲ್ಲಿ ಲೆಕ್ಕಪರಿಶೋಧಕರು ಬೇಕಾದಷ್ಟಿದ್ದಾರೆ, ಅಭಿಮಾನಿಗಳ ಟ್ರಸ್ಟ್‌ಗಳಿಗೆ ಅಂಥವರ ಅಗತ್ಯ ಯಾವಾಗಲೂ ಇದೆ. ಬಹುತೇಕ ಕ್ಲಬ್‌ಗಳಿಗೆ ಇಂಥ ಟ್ರಸ್ಟ್ ಇದೆ. ವರ್ಷಕ್ಕೆ ಸಣ್ಣ ಚಂದಾ, ಸದಸ್ಯನಿಗೊಂದು ಮತ.

ಪ್ರತಿಭಟನೆಗೆ ಹೋಗುವುದಾದರೆ ಒಂದು ಎಚ್ಚರ. ರಸ್ತೆಯಲ್ಲಿ ಘೋಷಣೆ ಕೂಗುವುದು, ಫಲಕ ಹಿಡಿಯುವುದು ನಿಮ್ಮ ಹಕ್ಕು. ಆದರೆ ಕಾರಣವಿಲ್ಲದೆ ಆಟದಂಗಳಕ್ಕೆ ಕಾಲಿಡುವುದು 1991ರ ಕಾಯ್ದೆಯಂತೆ ಅಪರಾಧ, ಹೊಗೆ ಉಗುಳುವ ಪಟಾಕಿಯನ್ನು ಮೈದಾನಕ್ಕೆ ಒಯ್ಯುವುದೂ ಅಪರಾಧ. ಶಿಕ್ಷೆಯಾದರೆ ಮೂರರಿಂದ ಹತ್ತು ವರ್ಷ ಪಂದ್ಯಗಳಿಂದ ನಿಷೇಧಿಸುವ ಆದೇಶ ಬೀಳಬಹುದು. ಇಲ್ಲಿ ಹುಟ್ಟಿದವನಿಗೆ ಅದು ಪಬ್ಬಿನಲ್ಲಿ ಹೇಳಿಕೊಳ್ಳುವ ಕಥೆ. ವೀಸಾ ಮೇಲಿರುವ ನಿಮಗೆ ಕಾಯಂ ವಾಸದ ಅರ್ಜಿಯಲ್ಲಿ ಬರೆಯಲೇಬೇಕಾದ ದಾಖಲೆ. ಗುಂಪು ಬೇಲಿ ಹಾರುವಾಗ ನೀವು ಇತ್ತಲೇ ನಿಲ್ಲಿ. ಇನ್ನು, ಮಾಲೀಕನ ಮೇಲಿನ ಸಿಟ್ಟು ಅವನ ಚರ್ಮದ ಬಣ್ಣದ ಕಡೆಗೆ ಹೊರಳುವುದೂ ಉಂಟು. ಹಾಗಾದಾಗ ಮೈದಾನದ ಸಿಬ್ಬಂದಿಗೆ ತಿಳಿಸಿ, ಸುಮ್ಮನಿರಬೇಡಿ.

ನನ್ನ ಸಹೋದ್ಯೋಗಿಯ ವಿಷಯಕ್ಕೆ ಬಂದರೆ, ಸಂಜೆ ನಾನೇ ಹೋಗಿ, "ಅವರು ಕೊಳ್ಳುತ್ತಿರುವ ಹಣ ಯಾರದು? ಸಾಲವಾದರೆ ಯಾರ ಹೆಸರಿಗೆ?" ಎಂದು ಕೇಳಿದೆ. ಅವನು ಕುರ್ಚಿ ಎಳೆದುಕೊಂಡು ಮುಕ್ಕಾಲು ಗಂಟೆ ಮಾತನಾಡಿದ. ಆ ಗುರುವಾರ ತನ್ನ ಟ್ರಸ್ಟಿನ ಸಭೆಗೆ ಕರೆದೊಯ್ದ. ಪಬ್ಬಿನ ಮಹಡಿಯ ಕೋಣೆ, ಹತ್ತಿಪ್ಪತ್ತು ಪ್ಲಾಸ್ಟಿಕ್ ಕುರ್ಚಿ, ಮೂಲೆಯಲ್ಲಿ ಖಜಾಂಚಿ ಲೆಕ್ಕ ಓದುತ್ತಿದ್ದ. ನಾನು ನಿಂಬೆ ಪಾನಕ ಹಿಡಿದು ಹಿಂದಿನ ಸಾಲಿನಲ್ಲಿ ಕುಳಿತೆ. ಅರ್ಧ ಗಂಟೆ ಕಳೆಯುವುದರೊಳಗೆ ಮುಂದಿನ ಸಭೆಯ ನಡಾವಳಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು.