ಅಯಾನಿಕ ಸಂಯುಕ್ತಗಳ ಸೂತ್ರ: ನನಗೆ ದಾರಿ ತೋರಿದ ಆವೇಶದ ಲೆಕ್ಕ

ಅಯಾನುಗಳ (ವಿದ್ಯುದಾವೇಶ ಹೊತ್ತ ಪರಮಾಣು ಅಥವಾ ಪರಮಾಣು ಗುಂಪುಗಳ) ಆವೇಶದ ಅಂಕಿಗಳನ್ನು ಅಡ್ಡಡ್ಡವಾಗಿ ಅದಲುಬದಲು ಮಾಡಿ ಸೂತ್ರ ಬರೆಯುವ ಕ್ರಮ ಸೋಡಿಯಂ ಕ್ಲೋರೈಡಿನಂಥ ಸರಳ ಸಂಯುಕ್ತಗಳಿಗೆ ಸಾಕಾಗುತ್ತದೆ. ಆದರೆ ಅದೇ ಕ್ರಮ ಕ್ಯಾಲ್ಸಿಯಂ ಆಕ್ಸೈಡಿಗೆ ಎರಡಕ್ಕೆ ಎರಡು ಎಂಬ ಉತ್ತರ ಕೊಡುತ್ತದೆ. ಆವರಣ ಚಿಹ್ನೆ ಎಲ್ಲಿ ಹಾಕಬೇಕೆಂಬುದನ್ನಂತೂ ಹೇಳುವುದೇ ಇಲ್ಲ. ಅದನ್ನು ಕೈಬಿಟ್ಟು, ಒಟ್ಟು ಆವೇಶ ಸೊನ್ನೆಯಾಗಬೇಕೆಂಬ ಒಂದೇ ನಿಯಮವನ್ನು ಹಿಡಿದುಕೊಂಡ ಮೇಲೆ ನನ್ನ ಗೊಂದಲ ಬಗೆಹರಿಯಿತು.

ಅಲ್ಯೂಮಿನಿಯಂ ಸಲ್ಫೇಟನ್ನೇ ನೋಡೋಣ. ಅಲ್ಯೂಮಿನಿಯಂ ಅಯಾನಿನ ಧನಾವೇಶ 3, ಸಲ್ಫೇಟಿನ ಋಣಾವೇಶ 2, ಇವೆರಡರ ಲ.ಸಾ.ಅ. 6, ಆದ್ದರಿಂದ ಎರಡು ಅಲ್ಯೂಮಿನಿಯಂ ಅಯಾನುಗಳಿಗೆ ಮೂರು ಸಲ್ಫೇಟ್ ಅಯಾನುಗಳು ಬೇಕು. ಒಂದು ಗಂಧಕ ಮತ್ತು ನಾಲ್ಕು ಆಕ್ಸಿಜನ್ ಪರಮಾಣುಗಳು ಕೂಡಿದ ಸಲ್ಫೇಟ್ ಒಂದೇ ಘಟಕವಾಗಿ ವರ್ತಿಸುವುದರಿಂದ, ಅದನ್ನು ಇಡಿಯಾಗಿ ಆವರಣದಲ್ಲಿಟ್ಟು ಹೊರಗೆ ಕೆಳಭಾಗದಲ್ಲಿ 3 ಎಂದು ಬರೆಯಬೇಕು. ಆವರಣ ಬಿಟ್ಟರೆ 4ರ ಪಕ್ಕದಲ್ಲಿ 3 ಕುಳಿತು, ಹನ್ನೆರಡು ಇರಬೇಕಾದ ಆಕ್ಸಿಜನ್ ಪರಮಾಣುಗಳು ನಲವತ್ತಮೂರಾಗಿ ಕಾಣುತ್ತವೆ! ಸಲ್ಫೇಟ್ ಒಂದೇ ಇದ್ದಾಗ ಆವರಣದ ಅಗತ್ಯವಿಲ್ಲ.

ಒಂದಕ್ಕಿಂತ ಹೆಚ್ಚು ಬಗೆಯ ಆವೇಶ ತಾಳಬಲ್ಲ ಕಬ್ಬಿಣದಂಥ ಲೋಹಗಳಿಗೆ ಸಂಯುಕ್ತದ ಹೆಸರಿನಲ್ಲಿರುವ ರೋಮನ್ ಅಂಕಿಯೇ ಆವೇಶವನ್ನು ತಿಳಿಸುತ್ತದೆ.

ಅನುಪಾತವನ್ನು ಸರಳಗೊಳಿಸುವಾಗ ಮಾತ್ರ ಒಂದು ಎಚ್ಚರ ಬೇಕು. ಕ್ಯಾಲ್ಸಿಯಂ ಆಕ್ಸೈಡಿನಲ್ಲಿ ಎರಡಕ್ಕೆ ಎರಡನ್ನು ಒಂದಕ್ಕೊಂದು ಎಂದು ಇಳಿಸುವುದು ಸರಿಯಾದರೂ, ಸೋಡಿಯಂ ಪೆರಾಕ್ಸೈಡಿನಲ್ಲಿ ಹಾಗೆ ಇಳಿಸುವಂತಿಲ್ಲ. ಏಕೆಂದರೆ ಅಲ್ಲಿ ಎರಡು ಆಕ್ಸಿಜನ್ ಪರಮಾಣುಗಳು ಪರಸ್ಪರ ಬಂಧಗೊಂಡು, 2 ಋಣಾವೇಶವಿರುವ ಒಂದೇ ಅಯಾನಾಗಿರುತ್ತವೆ.