ಒಂದೇ ಟಗರು, ಒಂದೇ ಹಿಂಡು: ಕುರಿಯ ಹಿಮೋಗ್ಲೋಬಿನ್ ಜೀನ್ ಹಿಡಿದ ನನ್ನ ಅನುಭವ

ಕುರುಬರ ಹಿಂಡಿನಲ್ಲಿ ಜೀನ್ ಮ್ಯಾಪಿಂಗ್ (ಯಾವ ಜೀನ್ ಯಾವ ಕ್ರೋಮೋಸೋಮಿನಲ್ಲಿ ಎಲ್ಲಿದೆ ಅಂತ ಹುಡುಕೋದು) ಆಗೋದಿಲ್ಲ ಅಂತ ನನಗೆ ಹೇಳದವರಿಲ್ಲ. ಮರಿಯ ತಂದೆ ಯಾವುದು ಗೊತ್ತಿಲ್ಲ, ದಾಖಲೆ ಇಲ್ಲ, ಇವತ್ತು ಶಿರಹಟ್ಟಿ ಹೊಲದಲ್ಲಿದ್ದ ಹಿಂಡು ನಾಳೆ ಇನ್ನೆಲ್ಲೋ. "ಫಾರ್ಮ್ ಇಲ್ಲದೆ ಲಿಂಕೇಜ್ ಮಾಡ್ತೀರಾ?" ಅಂತ ಧಾರವಾಡದ ಒಂದು ಸೆಮಿನಾರಿನಲ್ಲಿ ಹಿರಿಯರೊಬ್ಬರು ಎಲ್ಲರೆದುರು ನಕ್ಕಿದ್ದರು. ಲಿಂಕೇಜ್ ಅಂದರೆ ಒಂದೇ ಕ್ರೋಮೋಸೋಮಿನಲ್ಲಿ ಹತ್ತಿರ ಇರುವ ಜೀನುಗಳು ಮರಿಗೆ ಹೆಚ್ಚಾಗಿ ಜೊತೆಯಾಗೇ ಹೋಗೋದು. ಈಗ ನಮ್ಮ ಡೆಕ್ಕನಿ ಕುರಿಯ ಬೀಟಾ ಗ್ಲೋಬಿನ್ ಜೀನ್ (ಹಿಮೋಗ್ಲೋಬಿನ್ನಿನ ಒಂದು ಸರಪಳಿ ಮಾಡುವ ಜೀನ್) ಕ್ಲೋನ್ ಆಗಿ ಫ್ರೀಜರಿನಲ್ಲಿ ಕೂತಿದೆ. 15ನೇ ಕ್ರೋಮೋಸೋಮಿನ ಮಾರ್ಕರಿನ (ಜಾಗ ಗೊತ್ತಿರುವ ಡಿಎನ್‌ಎ ಗುರುತು) ಜೊತೆ ಲಿಂಕೇಜೂ ಸಿಕ್ಕಿದೆ, ಲಾಡ್ (ಲಿಂಕೇಜ್ ಎಷ್ಟು ಖಚಿತ ಅನ್ನೋ ಅಂಕ) ಐದು ದಾಟಿದೆ.

ಜೀನ್ 15ರಲ್ಲಿದೆ ಅನ್ನೋದು ಹೊಸ ವಿಷಯ ಅಲ್ಲ, ಗೊತ್ತು. 1995ರಲ್ಲೇ ನ್ಯೂಜಿಲೆಂಡಿನವರ ತಂಡ ಕುರಿಯ ದೊಡ್ಡ ಲಿಂಕೇಜ್ ನಕ್ಷೆ ಪ್ರಕಟಿಸಿತ್ತು. ಅವರು ಭ್ರೂಣ ವರ್ಗಾವಣೆ ಮಾಡಿಸಿ, ಒಂದೇ ತಂದೆತಾಯಿಯ ಮರಿಗಳಿರುವ ಒಂಬತ್ತು ಕುಟುಂಬ ಕಟ್ಟಿಕೊಂಡಿದ್ದರು. ನನ್ನ ಹತ್ತಿರ ಇದ್ದದ್ದು ಒಂದು ಥರ್ಮಾಸು, ಹಳೆ ಬೈಕು ಮತ್ತು ಕಪ್ಪತಗುಡ್ಡದ ಬುಡದಲ್ಲಿ ಮೇಯುವ ಒಂದು ಹಿಂಡು. ಇಷ್ಟರಲ್ಲೇ ಆಗುತ್ತಾ ಅಂತ ನೋಡಬೇಕಿತ್ತು.

ಎಲ್ಲ ನಿಂತಿರೋದು ಟಗರಿನ ಮೇಲೆ. ಅದು ಎಬಿ ಇರಬೇಕು, ಅಂದರೆ ಹಿಮೋಗ್ಲೋಬಿನ್ನಿನ ಎ, ಬಿ ಎಂಬ ಎರಡು ರೂಪಗಳಲ್ಲಿ ಒಂದೊಂದು ಇರಬೇಕು. ನಮ್ಮ ಕಡೆ ಕುರಿಗಳಲ್ಲಿ ಬಿ ಜಾಸ್ತಿ, ಹೀಗಾಗಿ ಎಬಿ ಟಗರು ಸಿಗೋದು ಕಷ್ಟ. ಆದರೆ ಅದೇ ನನಗೆ ಅನುಕೂಲವೂ ಆಯಿತು. ತಾಯಿ ಬಿಬಿ ಆದರೆ ಮರಿಗೆ ತಂದೆಯಿಂದ ಎ ಬಂತೋ ಬಿ ಬಂತೋ ಅಂತ ಪಟ್ಟೆ ನೋಡಿದರೇ ಗೊತ್ತಾಗುತ್ತೆ, ತಲೆ ಕೆಡಿಸಿಕೊಳ್ಳೋದೇ ಬೇಡ. ಮುಂಡರಗಿ, ಲಕ್ಷ್ಮೇಶ್ವರ, ಸವಣೂರು ಅಂತ ತಿರುಗಿ ಮೂವತ್ತು ನಲವತ್ತು ಟಗರುಗಳ ರಕ್ತವನ್ನು ಸೆಲ್ಯುಲೋಸ್ ಅಸಿಟೇಟ್ ಪಟ್ಟಿಯ ಮೇಲೆ ಕರೆಂಟಿನಲ್ಲಿ ಓಡಿಸಿದ ಮೇಲೆ (ಎ, ಬಿ ಬೇರೆ ಬೇರೆ ಪಟ್ಟೆಯಾಗಿ ನಿಲ್ಲುತ್ತವೆ) ಮೂರೋ ನಾಲ್ಕೋ ಸಿಕ್ಕವು. ಅದರಲ್ಲಿ ಒಂದರ ಮಾಲೀಕ ಅಜ್ಜ ಮಾತ್ರ ಒಪ್ಪಿದ್ದು.

ಉಳಿದ ಟಗರುಗಳು ಕುರಿಗಳ ಜೊತೆ ಕೂಡದಂತೆ ಹೊಟ್ಟೆಯ ಕೆಳಗೆ ಗೋಣಿತಟ್ಟು ಕಟ್ಟಿಸಿದೆವು. ಕುರುಬರಿಗೆ ಅದೇನೂ ಹೊಸದಲ್ಲ. ಬಿಚ್ಚಿದ್ದು ನಮ್ಮ ಟಗರಿನದು ಮಾತ್ರ. ಅಜ್ಜನ ಪ್ರಶ್ನೆ ಒಂದೇ: "ರಕ್ತ ತಗೊಂಡ ಹೋಗ್ತೀರಿ ಡಾಕ್ಟರ್ರ, ನನ್ನ ಕುರಿಗಿ ಏನ್ ಕೊಡ್ತೀರಿ?" ಇಡೀ ಹಿಂಡಿಗೆ ವರ್ಷಪೂರ್ತಿ ಜಂತಿನ ಔಷಧಿ ಅಂತ ಮಾತಾಯಿತು. ಅದಕ್ಕೇ ಹತ್ತು ಹನ್ನೆರಡು ಸಾವಿರ ಹೋಯಿತು. ಬಕ್ರೀದ್ ಹತ್ತಿರ ಬಂದಾಗ ಅಜ್ಜನ ಮಗ ಟಗರು ಮಾರಲು ಹೊರಟ. ಕೊಳ್ಳುವವರು ಇಪ್ಪತ್ತೈದು ಸಾವಿರದವರೆಗೆ ಕೇಳಿದ್ದರಂತೆ. ಅಷ್ಟೊತ್ತಿಗೆ ಒಂದೇ ಸಲದ ಮರಿಗಳು ಬಂದಿದ್ದವು. ಡೆಕ್ಕನಿಯಲ್ಲಿ ಅವಳಿ ಅಪರೂಪ, ನನಗೆ ಇನ್ನೊಂದು ಸಲದ್ದು ಬೇಕೇ ಬೇಕು. ಕೊನೆಗೆ ನಾನೇ ಕೈಯಿಂದ ಎಂಟು ಸಾವಿರ ಮುಂಗಡ ಕೊಟ್ಟು ನಿಲ್ಲಿಸಿದೆ. ಆ ದುಡ್ಡು ಯಾವ ಬಿಲ್ಲಿನಲ್ಲೂ ತೋರಿಸೋಕೆ ಬರೋದಿಲ್ಲ, ಅಲ್ವಾ?

ಡಿಎನ್‌ಎ ತೆಗೆಯೋದಕ್ಕೆ ಎಲ್ಲರೂ ಕಿಟ್ ತಗೋ ಅಂದರು. ಆಗ ಒಂದು ಸ್ಯಾಂಪಲ್ಲಿಗೆ ಇನ್ನೂರು ಮುನ್ನೂರು ರೂಪಾಯಿ ಆಗ್ತಿತ್ತು. ನಾನು ಹಿಡಿದದ್ದು 1988ರಿಂದ ಬಳಕೆಯಲ್ಲಿರುವ ಉಪ್ಪಿನ ವಿಧಾನ, ಹದಿನೈದು ರೂಪಾಯಿ ಒಳಗೆ ಮುಗೀತಿತ್ತು. "ಉಪ್ಪು ಹಾಕಿ ಜೀನ್ ಹಿಡೀತಾನಂತೆ" ಅಂತ ಲ್ಯಾಬಿನಲ್ಲಿ ಚೇಷ್ಟೆ. ಮೊದಮೊದಲು ಡಿಎನ್‌ಎ ಚೆನ್ನಾಗಿ ಬರೋದು, ಪಿಸಿಆರ್ (ಬೇಕಾದ ಡಿಎನ್‌ಎ ತುಂಡನ್ನು ಲಕ್ಷಗಟ್ಟಲೆ ನಕಲು ಮಾಡೋದು) ಮಾತ್ರ ಬರ್ತಿರಲಿಲ್ಲ. ಶುದ್ಧತೆ ತೋರಿಸುವ 260/280 ಅನುಪಾತ 1.8, ಜೆಲ್ಲಿನಲ್ಲಿ ದಪ್ಪ ಪಟ್ಟೆ, ಆದರೂ ಇಲ್ಲ. ವಾರಗಟ್ಟಲೆ ಮೆಗ್ನೀಸಿಯಂ ಬದಲಿಸು, ತಾಪಮಾನ ಬದಲಿಸು, ಇದೇ ಆಯಿತು. ಆಮೇಲೆ ನೋಡಿದರೆ ಅಂಗಡಿಯವರು ಇಡಿಟಿಎ ಟ್ಯೂಬಿನ ಬದಲು ಹೆಪಾರಿನ್ ಟ್ಯೂಬು (ಎರಡೂ ರಕ್ತ ಹೆಪ್ಪುಗಟ್ಟದಂತೆ ತಡೆಯುವವೇ) ಕಳಿಸಿದ್ದರು, ಡಬ್ಬಿ ಮೇಲೆ ಲೇಬಲ್ ಮಾತ್ರ ಇಡಿಟಿಎದು. ಹೆಪಾರಿನ್ ಇದ್ದರೆ ಪಿಸಿಆರ್ ನಡೆಸುವ ಟ್ಯಾಕ್ ಕಿಣ್ವ ಕೆಲಸ ಮಾಡಲ್ಲ. ಮೊದಲ ಸಲದ ರಕ್ತ ಮುಕ್ಕಾಲು ಪಾಲು ಹೋಯಿತು, ಮತ್ತೆ ಹಿಂಡಿನ ಹಿಂದೆ ಅಲೆದಾಟ. ಈಗ ಟ್ಯೂಬಿನ ಮುಚ್ಚಳದ ಬಣ್ಣ ನೋಡದೆ ಸೂಜಿ ಚುಚ್ಚೋದಿಲ್ಲ.

ನಮ್ಮ ಹಂತಗಳಲ್ಲಿ ಒಂದು ಕಡೆ ಮಾತ್ರ ಎಚ್ಚರ ಬೇಕು. 6 ಮೋಲಾರ್ ಉಪ್ಪು ಹಾಕಿ ಕುಲುಕಿದಾಗ ಪ್ರೋಟೀನ್ ನೊರೆ ಬಿಳಿಯಾಗಿ ಗಟ್ಟಿಯಾಗುತ್ತೆ. ಸೆಂಟ್ರಿಫ್ಯೂಜಿನಿಂದ ತೆಗೆದ ಮೇಲೆ ಮೇಲಿನ ನೀರು ಸ್ವಲ್ಪ ಮಬ್ಬಾಗಿದ್ದರೂ ಮುಂದೆ ಹೋಗಬೇಡಿ, ಇನ್ನೊಮ್ಮೆ ತಿರುಗಿಸಿ. ತಣ್ಣನೆ ಆಲ್ಕೋಹಾಲ್ ಹಾಕಿ ಟ್ಯೂಬು ಮೆಲ್ಲಗೆ ಓರೆ ಮಾಡಿದರೆ ಎಳೆ ಮೇಲೆದ್ದು ಸುತ್ತಿಕೊಳ್ಳುತ್ತೆ. ಸುಮ್ನೆ ಕುತೂಹಲಕ್ಕೆ ಕಿರಾಣಿ ಅಂಗಡಿಯ ಹರಳುಪ್ಪಿನಲ್ಲೂ ಮಾಡಿ ನೋಡಿದೆ. ಎಳೆ ಬಂತು, ಪಿಸಿಆರ್ ಒಮ್ಮೆ ಬಂತು ಒಮ್ಮೆ ಇಲ್ಲ. ನಾಟಿ ಕೋಳಿ ರಕ್ತದಲ್ಲೂ ಮಾಡಿದೆ. ಕೋಳಿಯ ಕೆಂಪುಕಣದಲ್ಲಿ ನ್ಯೂಕ್ಲಿಯಸ್ ಇದೆಯಲ್ಲ, ಒಂದೆರಡು ಹನಿಗೇ ಟ್ಯೂಬಿನ ತುಂಬ ಗೋಂದಿನಂತಾಗಿ ಪಿಪೆಟ್ಟಿಗೇ ಏರಲಿಲ್ಲ.

ಜೀನ್ ಬೇರ್ಪಡಿಸುವಾಗ ನಿಜವಾದ ಕಾಟ ಕೊಟ್ಟದ್ದು ಅದರ ಸೋದರ ಜೀನುಗಳು. ಬೀಟಾ ಗುಂಪಿನಲ್ಲಿ ಒಂದಕ್ಕೊಂದು ಹೋಲುವ ಜೀನುಗಳೇ ತುಂಬಿವೆ. ಎ ಇರುವ ಕುರಿಯಲ್ಲಿ ಬೀಟಾ-ಸಿ ಅಂತ ಇನ್ನೊಂದು ಇರುತ್ತೆ, ಭ್ರೂಣದ್ದು ಬೇರೆ, ಸತ್ತ ಜೀನುಗಳು ಬೇರೆ. ಪ್ರೈಮರು (ಪಿಸಿಆರ್ ಎಲ್ಲಿಂದ ಶುರು ಅಂತ ತೋರಿಸುವ ಚಿಕ್ಕ ಡಿಎನ್‌ಎ ತುಂಡು) ಎಲ್ಲವನ್ನೂ ಹಿಡಿಯೋದು. ಬೆಂಗಳೂರಿನಿಂದ ಬಂದ ಸೀಕ್ವೆನ್ಸಿನಲ್ಲಿ (ಡಿಎನ್‌ಎ ಅಕ್ಷರಗಳ ಓದು) ಒಂದರ ಮೇಲೊಂದು ಶಿಖರ, ಏನೂ ಓದೋಕಾಗದು. ಪ್ರತಿ ಸಲ ಐನೂರು ಆರುನೂರು ದಂಡ. ಆಗ ಬಿಬಿ ಕುರಿಯಿಂದ ಶುರು ಮಾಡಿದೆ. ಬಿ ಇರುವ ಕಡೆ ಬೀಟಾ-ಸಿ ಜೀನೇ ಅಳಿಸಿಹೋಗಿದೆ, ಒಂದು ತಲೆನೋವು ಕಡಿಮೆ. ಉಳಿದದ್ದಕ್ಕೆ ಪ್ರೈಮರಿನ ಕೊನೆಯ ಅಕ್ಷರ ಸರಿಯಾದ ಜಾಗದಲ್ಲಿ ಕೂರಿಸಿದೆ. ಯಾವ ಜಾಗ ಅಂತ ಇಲ್ಲಿ ಬರೆಯಲ್ಲ, ಪೇಪರು ಬರಲಿ. ಆ ತುಂಡನ್ನು ಬ್ಯಾಕ್ಟೀರಿಯಾಕ್ಕೆ ಸೇರಿಸಿ ಬೆಳೆಸಿದಾಗ ತಟ್ಟೆಯಲ್ಲಿ ನೀಲಿ ಕಾಲೊನಿಗಳ ನಡುವೆ ಬಿಳಿಯವು (ಒಳಗೆ ತುಂಡು ಸೇರಿದವು) ಹತ್ತಾರು ಸಿಕ್ಕವು, ಅರ್ಧಕ್ಕಿಂತ ಜಾಸ್ತಿ ನಮ್ಮ ಜೀನೇ.

ಮಳೆಗಾಲದಲ್ಲಿ ಇನ್ನೊಂದು ವಿಚಿತ್ರ. ಮೊದಲ ಸಲ ಶುದ್ಧ ಎಎ ಅಂತ ಬರೆದಿಟ್ಟ ಕುರಿಗಳಲ್ಲಿ ಎ ಪಟ್ಟೆಯ ಹಿಂದೆ ಇನ್ನೊಂದು ಪಟ್ಟೆ. ಲೇಬಲ್ ಅದಲುಬದಲಾಗಿದೆ ಅಂತ ಸಹಾಯಕನ ಮೇಲೆ ಅನುಮಾನ ಬಂತು. ಹಾಗೇನಿರಲಿಲ್ಲ. ಆ ಕುರಿಗಳ ಗದ್ದದ ಕೆಳಗೆ ಬಾವು, ಕಣ್ಣಿನ ಒಳಗೆ ಬಿಳಿಚಿತ್ತು, ಹೀಮಾಂಕಸ್ ಹುಳು ರಕ್ತ ಹೀರಿತ್ತು. ರಕ್ತ ಕಡಿಮೆಯಾದಾಗ ಎ ಕುರಿ ಹಿಮೋಗ್ಲೋಬಿನ್ ಸಿ ಮಾಡುತ್ತೆ, ಬಿಬಿ ಕುರಿ ಮಾಡಲಾರದು. ಓದಿದ್ದೆ, ಕಣ್ಣಾರೆ ಕಂಡದ್ದು ಆಗಲೇ. ಔಷಧಿ ಕುಡಿಸಿ ಚೇತರಿಸಿಕೊಂಡ ಮೇಲೆ ಆ ಪಟ್ಟೆ ಹೋಯಿತು. ಹಾಗಾಗಿ ಸೊರಗಿದ ಕುರಿಯ ಪಟ್ಟೆ ನಂಬಬೇಡಿ, ಡಿಎನ್‌ಎ ನೋಡಿ. ಮರಿಗಳನ್ನೂ ಎರಡು ಮೂರು ತಿಂಗಳು ತುಂಬಿದ ಮೇಲೇ ನೋಡಿ, ಅಲ್ಲಿವರೆಗೆ ಭ್ರೂಣದ ಹಿಮೋಗ್ಲೋಬಿನ್ ಅಡ್ಡ ಬರುತ್ತೆ.

ಮ್ಯಾಪಿಂಗಿಗೆ ಬಣ್ಣದ ಪ್ರೈಮರು ಕೊಳ್ಳೋ ಶಕ್ತಿ ಇರಲಿಲ್ಲ. ಮೈಕ್ರೋಸ್ಯಾಟಲೈಟನ್ನು (ಮಾರ್ಕರಾಗಿ ಬಳಸುವ, ಒಂದೇ ಅಕ್ಷರಗಳು ಮತ್ತೆ ಮತ್ತೆ ಬರುವ ಚಿಕ್ಕ ಡಿಎನ್‌ಎ ಸಾಲು) ಅಕ್ರಿಲಮೈಡ್ ಜೆಲ್ಲಿನಲ್ಲಿ ಓಡಿಸಿ ಬೆಳ್ಳಿ ಬಣ್ಣ ಹಾಕಿದೆ. ಕರೆಂಟು ಹೋದರೆ ಓಡುತ್ತಿದ್ದ ಜೆಲ್ ಹಾಳು, ಅದಕ್ಕೆ ರಾತ್ರಿಯೇ ಕೆಲಸ. ಬೇರೆ ಮಾರ್ಕರು ನೋಡಿ ತಂದೆ ಹೊಂದದ ನಾಲ್ಕೈದು ಮರಿಗಳನ್ನು ಕೈಬಿಟ್ಟೆ, ಎಲ್ಲೋ ಗೋಣಿತಟ್ಟು ಸಡಿಲಾಗಿರಬೇಕು. ಎರಡೂ ಸಲ ಸೇರಿ ಲೆಕ್ಕಕ್ಕೆ ಬಂದದ್ದು ನಲವತ್ತರ ಆಸುಪಾಸು. ಅದರಲ್ಲಿ ಮರುಜೋಡಣೆ (ಜೀನ್ ಮತ್ತು ಮಾರ್ಕರು ಬೇರೆಯಾದ ಮರಿ) ನಾಲ್ಕೋ ಐದೋ. ಹತ್ತು ಮರಿಯಲ್ಲಿ ಒಂದೂ ಮರುಜೋಡಣೆ ಇಲ್ಲದಿದ್ದರೇ ಲಾಡ್ ಮೂರರ ಹತ್ತಿರ ಬರುತ್ತೆ, ನನಗೆ ಐದು ಬಂದದ್ದರಲ್ಲಿ ಆಶ್ಚರ್ಯ ಏನಿಲ್ಲ. ಸೆಮಿನಾರಿನಲ್ಲಿ ನಕ್ಕವರು ಮೊನ್ನೆ ಜೆಲ್ ಫೋಟೋ ಕೇಳಿ ಕಳಿಸಿಕೊಂಡರು.

ಅದೇ ಡಿಎನ್‌ಎಯಲ್ಲಿ 6ನೇ ಕ್ರೋಮೋಸೋಮಿನ ಆಲ್ಬುಮಿನ್ ಮತ್ತು ಅದರ ಪಕ್ಕದ ಜಿಸಿ (ವಿಟಮಿನ್ ಡಿ ಹೊರುವ ಪ್ರೋಟೀನಿನ) ಜೀನನ್ನೂ ಓಡಿಸಿದೆ. ಎರಡೂ ಎಷ್ಟು ಹತ್ತಿರ ಅಂದರೆ ಬೇರೆಯಾದ ಮರಿ ಒಂದೂ ಸಿಗಲಿಲ್ಲ. ಒಟ್ಟು ಖರ್ಚು ಎರಡೂವರೆ ಲಕ್ಷದೊಳಗೆ, ಟಗರಿನ ಮುಂಗಡ ಬಿಟ್ಟು. ಟ್ರಾನ್ಸ್‌ಫೆರಿನ್ (ರಕ್ತದಲ್ಲಿ ಕಬ್ಬಿಣ ಹೊರುವ ಪ್ರೋಟೀನ್) ಜೀನ್ 1ನೇ ಕ್ರೋಮೋಸೋಮಿನಲ್ಲಿದೆ, ನಮ್ಮ ಟಗರಿನಲ್ಲಿ ಅದರದ್ದೂ ಎರಡು ರೂಪ ಇವೆ. ಪ್ರೈಮರಿಗೆ ದುಡ್ಡು ಬಂದರೆ ಮುಂದಿನದು ಅದೇ. ಅಜ್ಜ ಮಾತ್ರ ಈ ಸಲದ ಔಷಧಿ ಎಲ್ಲಿ ಅಂತ ಆಗಲೇ ಫೋನ್ ಮಾಡಿಸಿದ್ದಾನೆ.