ಒಂದು ಸೆಂಟು ನೆಲ, ಒಂದು ಸೆಂಟು ಮಳೆ: ಶನಿವಾರದ ತರಗತಿಯ ನನ್ನ ಅನುಭವ

ಮಡಿಕೇರಿ ತಾಲ್ಲೂಕಿನ ಹಳ್ಳಿಯೊಂದರ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಆರರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಗಣಿತ, ವಿಜ್ಞಾನ ಕಲಿಸುತ್ತೇನೆ. ಶನಿವಾರದ ಬೆಳಗಿನ ಶಾಲೆ ಮುಗಿದ ಮೇಲೆ ಒಂದೂವರೆ ಗಂಟೆಯ ಹೆಚ್ಚುವರಿ ತರಗತಿ ಆರಂಭಿಸಿದಾಗ, ಮುಂದಿನ ವರ್ಷಗಳ ಪಾಠವನ್ನು ಮೊದಲೇ ಹೇಳಿಕೊಡುವುದೇ ಜಾಣ ಮಕ್ಕಳಿಗೆ ನೀಡಬಹುದಾದ ಪುಷ್ಟಿ ಎಂದು ನಂಬಿದ್ದೆ. ಹೆಚ್ಚು ಅಂಕ ಪಡೆದ ಹನ್ನೆರಡು ಮಕ್ಕಳನ್ನು ಆರಿಸಿ ಒಂಬತ್ತನೆಯ ತರಗತಿಯ ಬೀಜಗಣಿತಕ್ಕೆ ಕೈಹಾಕಿದೆ. ಎರಡು ತಿಂಗಳಲ್ಲಿ ಅವರಿಗೆ ಸೂತ್ರಗಳೆಲ್ಲ ಬಾಯಿಪಾಠವಾದವು. ಆದರೆ ಆ ಎರಡು ತಿಂಗಳಲ್ಲಿ ಒಬ್ಬರೂ ನನ್ನನ್ನು ಒಂದು ಪ್ರಶ್ನೆ ಕೇಳಲಿಲ್ಲ. ಆ ಮೌನ ನನ್ನನ್ನು ಬಹಳ ಕಾಡಿತು.

ಜೂನ್ ತಿಂಗಳ ಒಂದು ಬೆಳಿಗ್ಗೆ, ಹಿಂದಿನ ದಿನ ಯಾರ ತೋಟದಲ್ಲಿ ಹೆಚ್ಚು ಮಳೆಯಾಯಿತೆಂದು ಏಳನೆಯ ತರಗತಿಯ ಇಬ್ಬರು ಹುಡುಗರು ವಾದಿಸುತ್ತಿದ್ದರು. ಒಬ್ಬನದು ಒಂದು ಇಂಚು ಎಂಬತ್ತು ಸೆಂಟು, ಇನ್ನೊಬ್ಬನದು ಎರಡು ಇಂಚು ಹತ್ತು ಸೆಂಟು; ಮಳೆಯ ಲೆಕ್ಕದಲ್ಲಿ ಇಂಚಿಗೆ ನೂರು ಸೆಂಟು. ಕೊಡಗಿನಲ್ಲಿ ಇದು ಮನೆಮಾತು. ಕಾಫಿ ಗಿಡದ ಹೂ ಅರಳಿಸುವ ಹೂಮಳೆ ಎಷ್ಟು ಸೆಂಟು ಬಿದ್ದಿತೆಂಬುದರ ಮೇಲೆ ಆ ವರ್ಷದ ಫಸಲು ನಿಂತಿರುವುದರಿಂದ, ಬೆಳೆಗಾರರ ಮನೆಗಳಲ್ಲಿ ಮಳೆಯ ಲೆಕ್ಕವನ್ನು ವರ್ಷಗಟ್ಟಲೆ ಬರೆದಿಡುತ್ತಾರೆ. ಹಾಗಿದ್ದರೂ ಒಂದು ಇಂಚು ಮಳೆ ಎಂದರೆ ಏನೆಂದು ನಾನು ಕೇಳಿದಾಗ ತರಗತಿ ಸುಮ್ಮನಾಯಿತು. ಕೊನೆಗೆ ತೋಟದ ಕಾರ್ಮಿಕರ ಲೈನ್‌ಮನೆಯಿಂದ ಬರುವ ಹುಡುಗಿಯೊಬ್ಬಳು, ನಾನು ಆರಿಸಿದ ಹನ್ನೆರಡರಲ್ಲಿ ಇಲ್ಲದವಳು, ಎದ್ದು ನಿಂತು, "ನೀರನ್ನು ಲೀಟರಿನಲ್ಲಿ ಅಳೆಯುತ್ತೇವೆ, ಇಂಚು ಉದ್ದದ ಅಳತೆ, ಮಳೆಗೆ ಅದು ಹೇಗೆ ಬಂತು ಸಾರ್?" ಎಂದು ಕೇಳಿದಳು. ಮುಂದಿನ ಶನಿವಾರದಿಂದ ಆಯ್ಕೆಯನ್ನು ಕೈಬಿಟ್ಟು, ಬರಬಯಸುವ ಎಲ್ಲರನ್ನೂ ಸೇರಿಸಿಕೊಂಡೆ.

ಮಕ್ಕಳು ಮನೆಯಿಂದ ಬಿಸ್ಕತ್ತಿನ ಡಬ್ಬಿ, ನೇರ ಬದಿಯ ಪಾತ್ರೆ, ಲೋಟ, ಬಕೆಟ್ಟು ತಂದು ಶಾಲೆಯ ಅಂಗಳದಲ್ಲಿ ಸಾಲಾಗಿ ಇಟ್ಟರು. ಅಗಲವಾದ ಪಾತ್ರೆಯಲ್ಲಿ ಹೆಚ್ಚು ಇಂಚು ನಿಲ್ಲುತ್ತದೆ ಎಂಬುದು ಬಹುತೇಕರ ಊಹೆಯಾಗಿತ್ತು. ಒಂದು ಗಂಟೆಯ ಮಳೆಯ ನಂತರ ಅಳೆದಾಗ, ನೇರ ಬದಿಯ ಪಾತ್ರೆಗಳಲ್ಲೆಲ್ಲ, ಅಗಲ ಎಷ್ಟೇ ಇರಲಿ, ಆಳ ಹೆಚ್ಚುಕಡಿಮೆ ಒಂದೇ ಇತ್ತು; ಬಾಯಿ ಅಗಲವಾಗಿ ತಳ ಕಿರಿದಾದ ಬಕೆಟ್ಟಿನಲ್ಲಿ ಮಾತ್ರ ನೀರು ಮೇಲೆ ನಿಂತಿತ್ತು. ಬಕೆಟ್ಟು ಸುಳ್ಳು ಹೇಳುತ್ತಿದೆಯೇ, ಉಳಿದವು ಸುಳ್ಳು ಹೇಳುತ್ತಿವೆಯೇ ಎಂಬ ಚರ್ಚೆ ಮೂರು ಶನಿವಾರ ನಡೆಯಿತು. ಉತ್ತರ ನಾಲಿಗೆಯ ತುದಿಯಲ್ಲಿದ್ದರೂ ಹೇಳದೆ ಇರುವುದು ನನ್ನ ಅಧ್ಯಾಪನದಲ್ಲೇ ಅತ್ಯಂತ ಕಠಿಣವಾದ ಕೆಲಸವಾಗಿತ್ತು. ಮೂರನೆಯ ವಾರ ಒಬ್ಬ ಹುಡುಗ ಬಕೆಟ್ಟಿನ ನೀರನ್ನು ಅಳತೆಯ ಜಾಡಿಗೆ ಸುರಿದು, ಬಂದ ಘನ ಸೆಂಟಿಮೀಟರನ್ನು ಬಾಯಿಯ ವಿಸ್ತೀರ್ಣದಿಂದ ಭಾಗಿಸಿದ. ಡಬ್ಬಿಯ ಆಳವೇ ಬಂದಿತು.

ಆಮೇಲೆ ಮಳೆಮಾಪಕ ತಯಾರಾಯಿತು. ಪ್ಲಾಸ್ಟಿಕ್ ಬಾಟಲಿಯ ಮೇಲ್ಭಾಗವನ್ನು ಕತ್ತರಿಸಿ ಆಲಿಕೆಯಂತೆ ಮಗುಚಿಟ್ಟು, ಉಬ್ಬುತಗ್ಗಿನ ತಳಕ್ಕೆ ಬೆಣಚುಕಲ್ಲು ತುಂಬಿ, ಸೊನ್ನೆಯ ಗೆರೆಯವರೆಗೆ ನೀರು ಹಾಕಿದೆವು. ಮೊದಲನೆಯದನ್ನು ಸೂರಿನ ಹತ್ತಿರ ಇಟ್ಟದ್ದು ನನ್ನದೇ ತಪ್ಪು; ಹೆಂಚಿನಿಂದ ಸಿಡಿದ ನೀರೂ ಲೆಕ್ಕಕ್ಕೆ ಸೇರಿತು. ಗೋಡೆಯಾಗಲಿ ಮರವಾಗಲಿ, ಅದರ ಎತ್ತರದ ಎರಡರಷ್ಟು ದೂರದಲ್ಲಿ ಮಾಪಕವಿರಬೇಕೆಂಬ ನಿಯಮವನ್ನು ಮಕ್ಕಳು ಆ ತಪ್ಪಿನಿಂದಲೇ ಒಪ್ಪಿಕೊಂಡರು. ಹವಾಮಾನ ಇಲಾಖೆಯಂತೆ ನಾವೂ ಬೆಳಿಗ್ಗೆ 8.30ಕ್ಕೆ ಓದುತ್ತೇವೆ.

ನನಗೆ ಅತ್ಯಂತ ಪ್ರಿಯವಾದ ಲೆಕ್ಕ ಇಲ್ಲಿಂದ ಹುಟ್ಟಿತು. ನಮ್ಮಲ್ಲಿ ನೆಲಕ್ಕೂ ಸೆಂಟು, ಮಳೆಗೂ ಸೆಂಟು: ಎಕರೆಯ ನೂರನೆಯ ಒಂದು ಭಾಗ, ಇಂಚಿನ ನೂರನೆಯ ಒಂದು ಭಾಗ. ಒಂದು ಸೆಂಟು ನೆಲದ ಮೇಲೆ ಒಂದು ಸೆಂಟು ಮಳೆ ಬಿದ್ದರೆ ಎಷ್ಟು ನೀರು? 40.47 ಚದರ ಮೀಟರನ್ನು 0.254 ಮಿಲಿಮೀಟರಿನಿಂದ ಗುಣಿಸಿದರೆ 10.28 ಲೀಟರ್, ಅಂದರೆ ಒಂದು ಸಣ್ಣ ಬಕೆಟ್ಟು. ಎಕರೆಗೆ ಒಂದು ಇಂಚು ಬಿದ್ದರೆ ಅದರ ಹತ್ತು ಸಾವಿರ ಪಟ್ಟು, ಒಂದು ಲಕ್ಷ ಲೀಟರಿಗೂ ಹೆಚ್ಚು. ಈ ಸಂಖ್ಯೆ ಕಂಡಾಗ, 2018ರ ಆಗಸ್ಟಿನಲ್ಲಿ ಬೆಟ್ಟಗಳು ಕುಸಿದದ್ದನ್ನು ಮನೆಯಲ್ಲಿ ಕೇಳಿ ಬೆಳೆದ ಮಕ್ಕಳು, ಅಷ್ಟು ನೀರಿನ ತೂಕವನ್ನು ಮಣ್ಣು ಹೇಗೆ ತಡೆದೀತು ಎಂದು ತಾವಾಗಿಯೇ ಕೇಳಿದರು. ಒಂದು ಲೀಟರ್ ನೀರು ಒಂದು ಕಿಲೋ ಎಂಬುದು ಅವರಿಗೆ ಪುಸ್ತಕದಿಂದ ಗೊತ್ತಿತ್ತು. ಅದರ ಭಾರ ಅಂದು ಅರಿವಿಗೆ ಬಂದಿತು.

ಮಕ್ಕಳ ವಿಜ್ಞಾನ ಸಮಾವೇಶಕ್ಕೆ ಈ ಕೆಲಸವನ್ನು ಕಳುಹಿಸಬಹುದೆಂದು ಹಲವರು ಹೇಳಿದರು. ಸ್ಪರ್ಧೆಗಳ ಬಗ್ಗೆ ನನಗೆ ಗೌರವವಿದೆ, ಆದರೆ ಸ್ಪರ್ಧೆಯ ದಿನಾಂಕ ಗೊತ್ತಾದೊಡನೆ ಚರ್ಚೆ ನಿಂತು ಚಾರ್ಟು ಬರೆಯುವುದು ಶುರುವಾಗುತ್ತದೆ. ಆದ್ದರಿಂದ ಮೊದಲ ವರ್ಷ ಕಳುಹಿಸಲಿಲ್ಲ.

ಮಳೆಗಾಲ ಮುಗಿದ ಮೇಲೆ ನೆರಳಿನತ್ತ ಹೊರಳಿದೆವು. ರಾಮಾನುಜನ್ ಜನ್ಮದಿನವಾದ ಡಿಸೆಂಬರ್ 22ರಂದು, ಸೂರ್ಯ ದಕ್ಷಿಣದ ತುದಿಯಲ್ಲಿರುವಾಗ, ಅಂಗಳದಲ್ಲಿ ಒಂದು ಮೀಟರಿನ ಕೋಲು ನೆಟ್ಟು ಐದೈದು ನಿಮಿಷಕ್ಕೊಮ್ಮೆ ನೆರಳಿನ ತುದಿಯನ್ನು ಗುರುತಿಸಿದೆವು. ಅತಿ ಗಿಡ್ಡ ನೆರಳು 72 ಸೆಂಟಿಮೀಟರ್. ಅದು ಬಿದ್ದದ್ದು ಹನ್ನೆರಡಕ್ಕಲ್ಲ, 12.25ರ ಸುಮಾರಿಗೆ. ನಮ್ಮ ಗಡಿಯಾರ ತೋರಿಸುವ ಭಾರತೀಯ ಕಾಲಮಾನ 82.5 ಡಿಗ್ರಿ ಪೂರ್ವ ರೇಖಾಂಶದ್ದು, ನಾವಿರುವುದು ಅದಕ್ಕಿಂತ ಸುಮಾರು ಏಳು ಡಿಗ್ರಿ ಪಶ್ಚಿಮಕ್ಕೆ, ಡಿಗ್ರಿಗೆ ನಾಲ್ಕು ನಿಮಿಷ ಎಂಬ ಲೆಕ್ಕ ಹೊಂದಿತು. ತೋಟದ ಕೆಲಸಕ್ಕೆಂದು ಅಸ್ಸಾಮಿನಿಂದ ಬಂದ ಕುಟುಂಬದ ಹುಡುಗನೊಬ್ಬ ಹಿಂದಿನ ದಿನವೇ ಗುವಾಹಟಿಯ ಮಾವನಿಗೆ ಫೋನು ಮಾಡಿ ಅಲ್ಲಿಯೂ ಕೋಲು ನೆಡಿಸಿದ್ದ. ಅಲ್ಲಿ ಗಿಡ್ಡ ನೆರಳು ಹನ್ನೊಂದೂವರೆಗೂ ಮೊದಲೇ ಬಿದ್ದಿತ್ತು, ಉದ್ದ ಕೋಲಿಗಿಂತಲೂ ಹೆಚ್ಚು, 117 ಸೆಂಟಿಮೀಟರ್. ಎರಡೂ ತ್ರಿಕೋನಗಳನ್ನು ಕಾಗದದ ಮೇಲೆ ಬರೆದು ಕೋನಮಾಪಕದಿಂದ ಅಳೆದಾಗ ಕೋನಗಳ ವ್ಯತ್ಯಾಸ ಸುಮಾರು 14 ಡಿಗ್ರಿ ಬಂದಿತು. ಎರಡೂ ಊರುಗಳ ಅಕ್ಷಾಂಶಗಳ ವ್ಯತ್ಯಾಸವೂ ಅಷ್ಟೇ ಇದೆಯೇ ಎಂದು ನೋಡಲು ಅಟ್ಲಾಸ್ ತರಲೆಂದು ಆ ಹುಡುಗ ಆಗಲೇ ಕಚೇರಿಯ ಕೋಣೆಗೆ ಓಡಿದ್ದ.